ಮಧುಗಿರಿಯಿಂದ ಬಾದಾಮಿಗೆ

ನಮ್ಮ ಹಿರಿಯರು ಬೆಟ್ಟ ಹತ್ತುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ಶಿವಗಂಗೆಯನ್ನು ಹತ್ತಿದರು, ಮೇಲುಕೋಟೆಯನ್ನು ಹತ್ತಿದರು, ಕಾಲಿನಲ್ಲಿ ಶಕ್ತಿಯಿದ್ದವರು ತಿರುಪತಿಯ ಬೆಟ್ಟವನ್ನೂ ಬರಿಗಾಲಿನಲ್ಲಿ ಹತ್ತಿಳಿದು ಬಂದರು. ಆದರೆ ಆ ಬೆಟ್ಟಗಳ ಮೇಲೆ ದೇವರಿದ್ದನು. ದೇವರ ಬಳಿಗೆ ಹೋಗಲು ಪುಣ್ಯಾತ್ಮರು ಕಟ್ಟಿಸಿದ ಮೆಟ್ಟಿಲುಗಳಿದ್ದವು. ದೇವರೂ ಇಲ್ಲದ, ಮೆಟ್ಟಿಲೂ ಇಲ್ಲದ ಬರಿಯ ಬಂಡೆಯೊಂದನ್ನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏರುವುದೆಂದರೆ, ಅದು ನಮ್ಮಂತಹ ಸಂಸಾರಿಗಳ ಮನೆಗೆ ಬರತಕ್ಕ ವಿಷಯವಲ್ಲವೆಂದೇ ನಾನು ನಲವತ್ತೇಳು ವರ್ಷಗಳ ಕಾಲ ನಂಬಿದ್ದೆನು. ಕಳೆದ ದಸರೆಯಲ್ಲಿ ಅದು ನನ್ನ ಮನೆಗೇ ಬಂದಿತು.

ತಂದವಳು ನನ್ನ ಮಗಳು. ಹದಿನಾರು ತುಂಬಿದ ಈ ಹುಡುಗಿ ಬೇಸಗೆಯ ರಜದಲ್ಲಿ ಬೆಂಗಳೂರಿನ ಕೃತಕ ಗೋಡೆಯೊಂದರ ಮೇಲೆ ಹತ್ತುವುದನ್ನು ಕಲಿತಿದ್ದಳು. ಬಣ್ಣಬಣ್ಣದ ಪ್ಲಾಸ್ಟಿಕ್ಕಿನ ಗುಬಟುಗಳನ್ನು ಹಿಡಿದು ಮೇಲೆ ಹೋಗಿ, ಕೆಳಗೆ ಹಾಸಿದ ದಪ್ಪ ಹಾಸಿಗೆಯ ಮೇಲೆ ಇಳಿಯುವ ಆ ಆಟದಲ್ಲಿ ನನಗೆ ಆಕ್ಷೇಪವಿರಲಿಲ್ಲ. ಆದರೆ ದಸರೆಯ ಗೊಂಬೆಗಳನ್ನು ಇಳಿಸಿ ಒರೆಸುತ್ತಿದ್ದ ದಿನ ಅವಳು ಒಂದು ಕಾಗದವನ್ನು ನನ್ನ ಮುಂದಿಟ್ಟಳು. ಡಿಸೆಂಬರಿನಲ್ಲಿ ನಿಜವಾದ ಬಂಡೆಗಳ ಮೇಲೆ ಹದಿನೈದು ದಿನಗಳ ಶಿಬಿರ. ತಂದೆಯ ರುಜು ಬೇಕು. ನಾನು ಓದಿ ಮುಗಿಸುವ ಮೊದಲೇ “ಆಗದು” ಎಂದುಬಿಟ್ಟೆನು. ಕಾರಣ ಕೇಳಿದಳು. ಹೇಳಲಿಲ್ಲ. ಹೆದರಿಕೆಯೇ ಕಾರಣವೆಂದು ಮಕ್ಕಳ ಮುಂದೆ ಒಪ್ಪಿಕೊಳ್ಳುವುದಕ್ಕೆ ತಂದೆಯಾದವನಿಗೆ ನಾಚಿಕೆ.

ಎರಡು ದಿನ ಮನೆಯಲ್ಲಿ ಮಾತೇ ಇರಲಿಲ್ಲ. ಮೂರನೆಯ ದಿನ ನನ್ನಾಕೆ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟು, “ನೋಡದೆಯೇ ಬೇಡ ಅನ್ನುವುದಕ್ಕಿಂತ, ನೋಡಿ ಆಮೇಲೆ ಬೇಡ ಅನ್ನಿ. ಮಕ್ಕಳಿಗೆ ರಜವಿದೆ, ಕಾರಿದೆ. ಎಲ್ಲರೂ ಹೋಗೋಣ,” ಎಂದಳು. ಒಳಗಿನಿಂದ ನನ್ನ ತಾಯಿಯವರು, “ನಾನೊಬ್ಬಳೇ ಮನೆ ಕಾಯುತ್ತಾ ಕೂತಿರುವವಳಲ್ಲ ಕಣೋ,” ಎಂದು ಕೂಗಿದರು. ಅವರಿಗೆ ಎಪ್ಪತ್ತೆರಡು ವರ್ಷ. ಹೀಗೆ ನಮ್ಮ ಪ್ರಯಾಣವು ನನ್ನ ಅಪ್ಪಣೆಯಿಲ್ಲದೆಯೇ ನಿಶ್ಚಯವಾಯಿತು.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಐದು ಮಂದಿ ಕಾರಿನಲ್ಲಿ ಕುಳಿತೆವು. ಹಿಂದೆ ಸ್ನೇಹಿತರಿಂದ ಎರವಲು ತಂದ ಎರಡು ಡೇರೆಗಳು, ಜಮಖಾನ, ಹೊದಿಕೆ, ಸಣ್ಣದೊಂದು ಗ್ಯಾಸಿನ ಒಲೆ, ನೀರಿನ ಕ್ಯಾನು. ತಾಯಿಯವರ ಕಡೆಯಿಂದ ಹುರಿಹಿಟ್ಟು, ಗೊಜ್ಜವಲಕ್ಕಿ, ಚಟ್ನಿಪುಡಿ, ನಿಂಬೆಕಾಯಿಯ ಉಪ್ಪಿನಕಾಯಿ. ಡೇರೆಯಲ್ಲಿ ಮಲಗುವವರಿಗೆ ಮೃಷ್ಟಾನ್ನವು ಬೇಡ. ನೆನೆಸಿದರೆ, ಕಲಸಿದರೆ ಆಗಿಬಿಡುವ ತಿಂಡಿಯೇ ಬೇಕು. ನಮ್ಮ ಅಜ್ಜಿಯರು ಗಾಡಿಯ ಪ್ರಯಾಣಕ್ಕೆ ಕಟ್ಟುತ್ತಿದ್ದ ಬುತ್ತಿಯೇ ಇಂದಿಗೂ ಸರಿಯೆಂದು ಆ ವಾರದಲ್ಲಿ ನಮಗೆ ಮನವರಿಕೆಯಾಯಿತು.

ದಾಬಸ್‌ಪೇಟೆಯಲ್ಲಿ ಶಿವಗಂಗೆಗೆ ದೂರದಿಂದಲೇ ಕೈಮುಗಿದು, ಹೆದ್ದಾರಿಯನ್ನು ಬಿಟ್ಟು ಕೊರಟಗೆರೆಯ ಕಡೆಗೆ ತಿರುಗಿದೆವು. ಅಲ್ಲಿಂದ ಮುಂದೆ ದಾರಿಯ ಎರಡು ಪಕ್ಕದಲ್ಲಿಯೂ ಬಂಡೆಗಳು. ಈ ಬಂಡೆಗಳ ಸಾಲು ದಕ್ಷಿಣದಲ್ಲಿ ರಾಮನಗರದ ಸುತ್ತಣಿಂದ ಉತ್ತರದಲ್ಲಿ ಬಳ್ಳಾರಿಯ ಸೀಮೆಯವರೆಗೆ ನೂರಾರು ಕಿಲೋಮೀಟರು ಚಾಚಿಕೊಂಡಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದುದರಿಂದ ಭೂಶಾಸ್ತ್ರಜ್ಞರು ಈ ಕಲ್ಲನ್ನು ಇಂದಿಗೂ ‘ಕ್ಲೋಸ್‌ಪೇಟೆ ಗ್ರಾನೈಟು’ ಎಂದೇ ಕರೆಯುತ್ತಾರೆ. ನೆಲದ ಆಳದಲ್ಲಿ ಕರಗಿದ್ದ ದ್ರವ್ಯವು ಅಲ್ಲಿಯೇ ನಿಧಾನವಾಗಿ ತಣಿದು ಹರಳುಗಟ್ಟಿ ಸುಮಾರು ೨೫೦ ಕೋಟಿ ವರ್ಷಗಳಾದುವಂತೆ. ಮೇಲಿನ ನೆಲವು ಮಳೆಗಾಳಿಗಳಿಗೆ ಸವೆದುಹೋದ ಮೇಲೆ ಈ ಕಲ್ಲು ಹೊರಗೆ ಬಂದಿತು. ಮೇಲಿನ ಭಾರವಿಳಿದ ಬಂಡೆಯು ಹಿಗ್ಗಿ, ಈರುಳ್ಳಿಯ ಸಿಪ್ಪೆ ಬಿಡುವಂತೆ ಪದರಪದರವಾಗಿ ಬಿಡುತ್ತದೆ. ನಮ್ಮ ಕಡೆಯ ಬೆಟ್ಟಗಳು ಮೊನೆಯಿಲ್ಲದೆ ಆನೆಯ ಬೆನ್ನಿನಂತೆ ಉರುಟಾಗಿರುವುದಕ್ಕೆ ಇದೇ ಕಾರಣ. ಇದನ್ನೆಲ್ಲ ಹಿಂದಿನ ಆಸನದಿಂದ ಮಗಳು ಹೇಳುತ್ತಿದ್ದಳು. ಬಂಡೆಯನ್ನು ಏರುವವರು ಬಂಡೆಯ ಕುಲಗೋತ್ರಗಳನ್ನು ತಿಳಿದಿರಬೇಕೆಂಬುದು ನನಗೆ ಹೊಸ ಮಾತಾಗಿದ್ದಿತು.

ಮಧುಗಿರಿಗೆ ಸಮೀಪದಲ್ಲಿ ನನ್ನಾಕೆಯ ಸೋದರಮಾವನವರ ತೋಟವಿದೆ. ಆ ದಿನ ಅಲ್ಲಿಯೇ ನಮ್ಮ ಬಿಡಾರ. ನಾನು ಬಹಳ ಉತ್ಸಾಹದಿಂದ ಎರಡು ತೆಂಗಿನ ಮರಗಳ ನಡುವೆ ತಂಪಾದ ಸ್ಥಳವನ್ನು ಆರಿಸಿ ಡೇರೆಯ ಗೂಟಗಳನ್ನು ಬಡಿಯಲು ಆರಂಭಿಸಿದೆನು. ಮಾವನವರು ಸ್ವಲ್ಪ ಹೊತ್ತು ನೋಡುತ್ತಿದ್ದು, ಮರದ ತುದಿಯ ಕಡೆಗೆ ಬೆರಳು ತೋರಿಸಿ, “ಅಲ್ರೀ ಅಳಿಯಂದ್ರೇ, ಕಾಯಿ ಬೀಳೋ ಮರದ ಕೆಳಗೆ ಯಾರಾದ್ರೂ ಮಲಗ್ತಾರೇನ್ರಿ?” ಎಂದರು. ಮಕ್ಕಳು ನಕ್ಕರು. ಡೇರೆಯು ಕಣದ ಬಯಲಿಗೆ ಹೋಯಿತು. ಅದರ ಸುತ್ತ ಮಾವನವರು ತಾವೇ ಗುದ್ದಲಿಯಿಂದ ಒಂದು ಗೇಣಗಲದ ಕಾಲುವೆಯನ್ನು ತೆಗೆದುಕೊಟ್ಟರು. ಮೋಡವಿರಲಿಲ್ಲವಾದ್ದರಿಂದ ನಾನು ಇದು ಅನಾವಶ್ಯಕವೆಂದೆನು. ರಾತ್ರಿ ಹನ್ನೊಂದಕ್ಕೆ ಮಳೆ ಬಂದು ನನ್ನ ಮಾತಿಗೆ ಉತ್ತರ ಹೇಳಿತು. ನೀರೆಲ್ಲವೂ ಕಾಲುವೆಯಲ್ಲಿ ಹರಿದುಹೋಯಿತು. ಒಳಗೆ ನಾವು ಬೆಚ್ಚಗಿದ್ದೆವು.

ಬೆಳಿಗ್ಗೆ ಆರೂವರೆಗೆ ನಾವು ನಾಲ್ವರು ಬೆಟ್ಟದ ಬುಡದಲ್ಲಿದ್ದೆವು. ತಾಯಿಯವರು ತೋಟದಲ್ಲಿಯೇ ಉಳಿದರು. ಮಧುಗಿರಿಯ ಬೆಟ್ಟವು ಒಂದೇ ಬಂಡೆ. ತುದಿಯು ಸಮುದ್ರಮಟ್ಟದಿಂದ ಸುಮಾರು ೧೨೦೦ ಮೀಟರು ಎತ್ತರದಲ್ಲಿದೆ. ಊರಿನಿಂದ ನೋಡುವವರಿಗೆ ಕೋಟೆಯ ಗೋಡೆಗಳು ಆನೆಯ ಬೆನ್ನ ಮೇಲೆ ಹಾಕಿದ ನೂಲಿನಂತೆ ಕಾಣುತ್ತವೆ. ಇಲ್ಲಿಯ ಬಂಡೆಗಳಲ್ಲಿ ಹೆಜ್ಜೇನು ಕಟ್ಟುವುದರಿಂದಲೇ ಊರಿಗೆ ಈ ಹೆಸರೆಂದು ಹೇಳುತ್ತಾರೆ. ಆದ್ದರಿಂದ ಹೊಗೆ, ಗದ್ದಲ, ಸುಗಂಧದ್ರವ್ಯ ಈ ಮೂರೂ ಕೂಡದೆಂದು ಮಾವನವರು ಎಚ್ಚರಿಸಿ ಕಳುಹಿಸಿದ್ದರು.

ಮೊದಮೊದಲು ಮೆಟ್ಟಿಲುಗಳೂ ಬಾಗಿಲುಗಳೂ ಇವೆ. ಮುಂದೆ ಮೆಟ್ಟಿಲುಗಳು ಮುಗಿದು ಬರಿಬಂಡೆಯ ಇಳಿಜಾರು ಮೊದಲಾಗುತ್ತದೆ. ಹಿಂದಿನವರು ಅದರಲ್ಲಿ ಪಾದವಿಡುವಷ್ಟೇ ಗುಳಿಗಳನ್ನು ಕಡಿದಿದ್ದಾರೆ. ಕೆಲವು ಕಡೆ ಹಿಡಿಯಲು ಕಬ್ಬಿಣದ ಕಂಬಿಗಳಿವೆ. ಕಲ್ಲು ಒಣಗಿರುವಾಗ ಇದರಲ್ಲಿ ಅಷ್ಟು ಕಷ್ಟವಿಲ್ಲ. ಗ್ರಾನೈಟಿನ ಹರಳುಗಳು ಅರದಂತೆ ಒರಟಾಗಿದ್ದು ಪಾದವನ್ನು ಹಿಡಿದುಕೊಳ್ಳುತ್ತವೆ. ಹೆದರಿ ಬಂಡೆಗೆ ಮೈಯೊರಗಿಸಿದವನ ಕಾಲೇ ಜಾರುವುದು. ನೆಟ್ಟಗೆ ನಿಂತು ಭಾರವನ್ನೆಲ್ಲ ಅಂಗಾಲಿನ ಮೇಲೆ ಬಿಟ್ಟವನ ಕಾಲು ನಿಲ್ಲುವುದು. ಇದನ್ನೂ ಮಗಳೇ ಹೇಳಿಕೊಟ್ಟಳು. ನಾನು ಹನ್ನೊಂದು ವರ್ಷದ ಮಗನಿಗೆ ಹೇಳುವಂತೆ ನಟಿಸುತ್ತ ನಾನೂ ಹಾಗೆಯೇ ಮಾಡಿದೆನು.

ಮೂರರಲ್ಲಿ ಎರಡು ಪಾಲು ಏರಿರಬಹುದು. ಗಾಳಿ ತಿರುಗಿತು, ಪೂರ್ವದ ಬಯಲು ಮಂಕಾಗಿ, ನಾಲ್ಕು ಹನಿಗಳು ಬಿದ್ದವು. ತುದಿಯ ಗೋಡೆ ಕೈಗೆ ಸಿಕ್ಕುವಷ್ಟು ಹತ್ತಿರದಲ್ಲಿ ಕಾಣುತ್ತಿದ್ದಿತು. ಇಲ್ಲಿ ನಾನು ವಾಚಕರಿಗೆ ನಿಜವನ್ನು ಹೇಳಬೇಕು. ಶಿಬಿರವು ಅಪಾಯವೆಂದು ಮಗಳಿಗೆ ರುಜು ನಿರಾಕರಿಸಿದ್ದ ನಾನೇ ಆ ಕ್ಷಣದಲ್ಲಿ, “ಇಷ್ಟು ದೂರ ಬಂದಾಯಿತು, ಬೇಗ ಹೋಗಿ ಬಂದುಬಿಡೋಣ,” ಎಂದೆನು. ಮಗನೂ, “ಇನ್ನು ಸ್ವಲ್ಪವೇ ಅಲ್ಲವೇನಪ್ಪಾ?” ಎಂದು ಕುಣಿದನು.

ಮಗಳು ಮಾತಾಡಲಿಲ್ಲ. ಬಗ್ಗಿ ಬಂಡೆಯ ಮೇಲೆ ಅಂಗೈಯನ್ನು ಒತ್ತಿ ಎಳೆದು ನೋಡಿದಳು. ಕಲ್ಲಿನ ಮೇಲಿನ ಕಪ್ಪು ಪಾಚಿಯು ಆ ನಾಲ್ಕು ಹನಿಗಳಿಗೇ ನೆನೆದು ಲೋಳೆಯಾಗಿದ್ದಿತು. “ಅಪ್ಪಾ, ಇಳಿಯೋಣ,” ಎಂದಳು. “ಹತ್ತೋದು ಈಗಲೂ ಆಗುತ್ತೆ. ಇಳಿಯೋದು ಆಗೋಲ್ಲ.”

ತಮ್ಮನು ಅತ್ತನು. ಅವಳು ಅವನನ್ನು ಸಮಾಧಾನಪಡಿಸುವುದರಲ್ಲಿ ಕಾಲವನ್ನು ಕಳೆಯಲಿಲ್ಲ. ತಾನು ಮುಂದಾಗಿ ಇಳಿದು ಅವನನ್ನು ತನ್ನ ಮೇಲ್ಗಡೆಯಲ್ಲಿಟ್ಟುಕೊಂಡಳು. ಬಂಡೆಗೆ ಮುಖಮಾಡಿ ಇಳಿಯುವಂತೆಯೂ, ಎರಡು ಕೈ ಎರಡು ಕಾಲುಗಳಲ್ಲಿ ಮೂರು ಯಾವಾಗಲೂ ಊರಿರುವಂತೆಯೂ, ಒಂದನ್ನು ಮಾತ್ರ ಕದಲಿಸುವಂತೆಯೂ ಹೇಳುತ್ತ, ಅವನ ಪಾದವನ್ನು ತಾನೇ ಹಿಡಿದು ಗುಳಿಯಲ್ಲಿ ಇಡುತ್ತ ಬಂದಳು. ಅವನ ಮೇಲೆ ನನ್ನಾಕೆ, ಎಲ್ಲರಿಗಿಂತ ಮೇಲೆ ನಾನು. ಒಂದು ಕಡೆ ನನ್ನ ಕಾಲು ಜಾರಿತು. ಕಂಬಿಯು ಕೈಯಲ್ಲಿದ್ದುದರಿಂದ ಮೊಣಕಾಲಿನ ಚರ್ಮವಷ್ಟೇ ಹೋಯಿತು. ನಾವು ಕೋಟೆಯ ಬಾಗಿಲಿನ ಮಾಡಿನ ಕೆಳಗೆ ಸೇರುವ ಹೊತ್ತಿಗೆ ಮಳೆಯು ಧಾರಾಕಾರವಾಗಿ ಬಿದ್ದಿತು. ಕಾಲು ಗಂಟೆಯ ಹಿಂದೆ ನಾವು ಇಳಿದು ಬಂದ ಗುಳಿಗಳ ಮೇಲೆಯೇ ನೀರು ಹಾಳೆಯಾಗಿ ಹರಿಯುತ್ತಿದ್ದುದನ್ನು ನಾನೂ ನನ್ನಾಕೆಯೂ ಒಬ್ಬರನ್ನೊಬ್ಬರು ನೋಡಿಕೊಳ್ಳದೆ ನೋಡಿದೆವು.

ತೋಟಕ್ಕೆ ಬಂದಾಗ ತಾಯಿಯವರು, “ತುದಿ ಕಂಡ್ರಾ?” ಎಂದು ಕೇಳಿದರು. ಇಲ್ಲವೆಂದೆನು. “ಬೆಟ್ಟ ಎಲ್ಲಿಗೂ ಹೋಗೋಲ್ಲ, ಬಿಡು,” ಎಂದು ಮೊಣಕಾಲಿಗೆ ಅರಿಸಿನ ತರಲು ಒಳಗೆ ಹೋದರು.

ಮೂರನೆಯ ದಿನ ಶಿರಾದ ಬಳಿ ಹೆದ್ದಾರಿಯನ್ನು ಸೇರಿ ಚಿತ್ರದುರ್ಗಕ್ಕೆ ಬಂದೆವು. ದಾರಿಯಲ್ಲಿ ನೆಲಗಡಲೆಯನ್ನು ಕಿತ್ತು ಒಡ್ಡಿದ್ದರು. ದುರ್ಗ ಸಮೀಪಿಸಿದಂತೆ ಈರುಳ್ಳಿಯ ಚೀಲಗಳನ್ನು ಹೇರಿದ ಲಾರಿಗಳು ಸಾಲುಸಾಲಾಗಿ ಎದುರಾದವು. ಏಳು ಸುತ್ತಿನ ಕೋಟೆಯನ್ನು ಕುರಿತು ಅನೇಕರು ಬರೆದಿರುವುದರಿಂದ ನಾನು ವಿಸ್ತರಿಸುವುದಿಲ್ಲ. ೧೭೭೯ರಲ್ಲಿ ಹೈದರಾಲಿಗೆ ವಶವಾಗುವವರೆಗೂ ಪಾಳೆಯಗಾರರ ನೆಲೆಯಾಗಿದ್ದ ಈ ದುರ್ಗದಲ್ಲಿ, ಮನುಷ್ಯರು ಕಟ್ಟಿದ ಗೋಡೆ ಎಲ್ಲಿ ಮುಗಿದು ಬಂಡೆ ಎಲ್ಲಿ ಆರಂಭವಾಗುತ್ತದೆಂದು ಹೇಳುವುದೇ ಕಷ್ಟ. ಬರಿಗೈಯಲ್ಲಿ ಈ ಗೋಡೆಗಳನ್ನೇರಿ ಹೆಸರಾದ ಜ್ಯೋತಿರಾಜರ ವಿಷಯವನ್ನು ಮಗನು ಎಲ್ಲಿಯೋ ಕೇಳಿದ್ದು, ಅವರು ಏರುವ ಸ್ಥಳ ಯಾವುದೆಂದು ಕಂಡಕಂಡವರನ್ನು ಕೇಳಿದನು. “ಅವರು ವರ್ಷಗಟ್ಟಲೆ ಮಾಡಿದ ಸಾಧನೆ ಅದು, ನಾವು ಹಗ್ಗದವರು,” ಎಂದು ಅವನ ಅಕ್ಕ ಅಲ್ಲಿಗೇ ನಿಲ್ಲಿಸಿದಳು.

ತಾಯಿಯವರು ಕೋಲೂರಿಕೊಂಡು ಒಬವ್ವನ ಕಿಂಡಿಯವರೆಗೂ ಬಂದರು. ಗಂಡನು ಊಟಕ್ಕೆ ಕುಳಿತಾಗ ನೀರು ತರಲು ಬಂದ ಹೆಣ್ಣುಮಗಳು, ಕೈಗೆ ಸಿಕ್ಕ ಒನಕೆಯಿಂದ ಕೋಟೆಯನ್ನು ಕಾದಳೆಂಬ ಕಥೆಯು ನಮ್ಮಲ್ಲಿ ಯಾರಿಗೆ ತಿಳಿಯದು? ಒಬ್ಬನೇ ನುಸುಳಬಹುದಾದ ಆ ಕಿಂಡಿಯನ್ನು ತಾಯಿಯವರು ಬಹಳ ಹೊತ್ತು ನೋಡಿದರು. ಅವರ ಮನಸ್ಸಿನಲ್ಲಿ ಏನಿದ್ದಿತೋ, ಮೊಮ್ಮಗಳ ಬೆನ್ನನ್ನು ಒಮ್ಮೆ ತಟ್ಟಿದರು.

ಅಲ್ಲಿಂದ ಹೊಸಪೇಟೆ. ಒದ್ದೆಯಾಗಿದ್ದ ಡೇರೆಗಳನ್ನು ವಸತಿಗೃಹದ ಮಹಡಿಯ ಮೇಲೆ ಹರಡಿ ಒಣಗಿಸಿದೆವು. ಒದ್ದೆಯ ಡೇರೆಯನ್ನು ಮಡಿಸಿಟ್ಟರೆ ಎರಡೇ ದಿನದಲ್ಲಿ ಬೂಷ್ಟು ಹಿಡಿದು ನಾರುತ್ತದೆ. ಮಾರನೆಯ ದಿನ ೧೯೫೩ರಲ್ಲಿ ಮುಗಿದ ತುಂಗಭದ್ರೆಯ ಅಣೆಕಟ್ಟನ್ನು ನೋಡಿಕೊಂಡು, ನದಿಯನ್ನು ದಾಟಿ ಕುಷ್ಟಗಿ, ಇಳಕಲ್ಲುಗಳ ಮಾರ್ಗವಾಗಿ ಉತ್ತರಕ್ಕೆ ಹೊರಟೆವು. ದಾರಿಯುದ್ದಕ್ಕೂ ನೆಲವು ಬಣ್ಣವನ್ನು ಬದಲಾಯಿಸುತ್ತ ಬರುವುದನ್ನು ಕಾರಿನಲ್ಲಿ ಹೋಗುವವರು ಚೆನ್ನಾಗಿ ಕಾಣಬಹುದು. ನಮ್ಮ ಕೆಂಪು ನೆಲ ಹಿಂದೆ ಉಳಿದು ಎರೆಯ ಕಪ್ಪು ನೆಲ ಬಂದಿತು. ಹಿಂಗಾರಿಯ ಜೋಳ ಆಗತಾನೆ ಮೊಳೆತು ಹಸಿರು ಗೆರೆ ಎಳೆದಂತಿದ್ದಿತು. ಭಾಷೆಯೂ ಹಾಗೆಯೇ. ಹೊಸಪೇಟೆಯಲ್ಲಿ “ಏನು ಬೇಕು ಸಾರ್?” ಎಂದವರು ಇಳಕಲ್ಲಿನಲ್ಲಿ “ಏನ್ ಬೇಕ್ರಿ ಯಪ್ಪಾ?” ಎಂದರು. ನನ್ನಾಕೆ ಇಳಕಲ್ಲಿನಲ್ಲಿ ಸೀರೆಗಾಗಿ ಒಂದೂವರೆ ಗಂಟೆಯನ್ನು ವಿನಿಯೋಗಿಸಿದಳು. ಈ ಬಗ್ಗೆ ಹೆಚ್ಚು ಬರೆಯಲು ನನಗೆ ಅಧಿಕಾರವಿಲ್ಲ.

ಐಹೊಳೆ, ಪಟ್ಟದಕಲ್ಲುಗಳ ಮೇಲಿನಿಂದ ಬಾದಾಮಿಗೆ ಬಂದಾಗ ಸೂರ್ಯನು ಇಳಿಯುತ್ತಿದ್ದನು. ಅಗಸ್ತ್ಯತೀರ್ಥದ ಎರಡು ಕಡೆಯ ಬಂಡೆಗಳೂ ಆ ಬೆಳಕಿನಲ್ಲಿ ಕೆಂಡದಂತೆ ಹೊಳೆದವು. ಇದು ಗ್ರಾನೈಟಲ್ಲ, ಮರಳುಗಲ್ಲು. ಪ್ರಾಣಿಗಳು ನೆಲದ ಮೇಲೆ ನಡೆಯುವುದಕ್ಕೆ ಬಹಳ ಮೊದಲೇ ನೀರು ತಂದು ಹಾಸಿದ ಮರಳು, ಪದರದ ಮೇಲೆ ಪದರವಾಗಿ ಕಲ್ಲಾಗಿದೆ. ಕೆಲವು ಚಪ್ಪಡಿಗಳ ಮೇಲೆ ಅಂದಿನ ನೀರಿನ ಅಲೆಗಳ ಗುರುತು ಇನ್ನೂ ಕಾಣುತ್ತದೆ. ಪದರಗಳ ನಡುವೆ ಬೆರಳು ಸೇರುವ ಸಂದುಗಳಿರುವುದರಿಂದಲೇ ಬಂಡೆಯೇರುವವರಿಗೆ ಬಾದಾಮಿಯೆಂದರೆ ಪ್ರೀತಿ. ದೇಶದೇಶಗಳಿಂದ ಇದಕ್ಕಾಗಿಯೇ ಇಲ್ಲಿಗೆ ಬರುತ್ತಾರೆ.

ನಮ್ಮವರಿಗೂ ಈ ಬಂಡೆಗಳ ಸಹವಾಸ ಹೊಸದಲ್ಲ. ಒಂದನೆಯ ಪುಲಿಕೇಶಿಯು ಕ್ರಿ.ಶ. ೫೪೩ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಬಂಡೆಯ ಮೇಲೆಯೇ ಬರೆಸಿದನು. ೫೭೮ರಲ್ಲಿ ಮಂಗಳೇಶನು ಮೂರನೆಯ ಗುಹೆಯಲ್ಲಿ ವಿಷ್ಣುವಿನ ಪ್ರತಿಷ್ಠೆಯ ಶಾಸನವನ್ನು ಕೆತ್ತಿಸಿದನು. ಕನ್ನಡದ ತ್ರಿಪದಿಯ ಅತಿ ಪ್ರಾಚೀನವಾದ ಮಾದರಿಯನ್ನು ಕಪ್ಪೆ ಅರಭಟ್ಟನ ಶಾಸನದಲ್ಲಿ, ಕೆರೆಯ ಮೇಲ್ಗಡೆಯ ಬಂಡೆಯಲ್ಲಿ ನೋಡಬಹುದು. ಅರಸರ ಹೆಸರು, ಕವಿತೆ ಉಳಿದಿವೆ. ಆ ಎತ್ತರದಲ್ಲಿ ಉಳಿಯನ್ನು ಹಿಡಿದು ನಿಂತ ಕಲ್ಲುಕುಟಿಗನಿಗೆ ಕೆಳಗಿನಿಂದ ಯಾರು ಆಸರೆಯಾಗಿದ್ದರೋ, ಅವರ ಹೆಸರಿಲ್ಲ. ಮರುದಿನ ನಾನು ಆ ಕೆಲಸಕ್ಕೇ ನಿಲ್ಲಬೇಕಾಗುವುದೆಂದು ಆಗ ನನಗೆ ತಿಳಿದಿರಲಿಲ್ಲ.

ಬನಶಂಕರಿಯ ದಾರಿಯಲ್ಲಿ ಪರಿಚಿತರೊಬ್ಬರ ಹೊಲದಂಚಿನಲ್ಲಿ ಡೇರೆ ಹಾಕಿದೆವು. ಮಧ್ಯಾಹ್ನದ ಊಟಕ್ಕೆ ಚಿಂತೆಯಿರಲಿಲ್ಲ: ಬನಶಂಕರಿಯ ಗುಡಿಯ ಬಳಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ, ಗಟ್ಟಿ ಮೊಸರುಗಳನ್ನು ತಂದು ಕೂತವರ ಮುಂದೆ ಬಡಿಸುತ್ತಾರೆ. ಹುರಿಹಿಟ್ಟಿನ ಡಬ್ಬಿಯು ಆ ಎರಡು ದಿನ ವಿಶ್ರಾಂತಿ ಪಡೆಯಿತು.

ಬೆಳಿಗ್ಗೆ ಆರು ಗಂಟೆಗೆ ಶಿಕ್ಷಕರು ಬಂದರು. ಬಾದಾಮಿಯಲ್ಲಿಯೇ ಹುಟ್ಟಿ ಬೆಳೆದು ಈ ವಿದ್ಯೆಯಲ್ಲಿ ನುರಿತ ಯುವಕರು. ಮಗಳ ಗುರುಗಳು ಮೊದಲೇ ಅವರಿಗೆ ತಿಳಿಸಿದ್ದರು. ಸ್ಮಾರಕಗಳಿರುವ ಬಂಡೆಗಳನ್ನು ಏರುವುದು ನಿಷಿದ್ಧ. ಊರಿನ ಹೊರಗೆ ಇದಕ್ಕೆಂದೇ ಬಳಸುವ ಬಂಡೆಯೊಂದಕ್ಕೆ ಕರೆದೊಯ್ದರು. ಮರಳುಗಲ್ಲು ನೆನೆದಿರುವಾಗ ಅದರ ಅಂಚುಗಳು ಮುರಿಯುವುದುಂಟು. ಆದ್ದರಿಂದ ಇಲ್ಲಿ ನಾಲ್ಕು ದಿನಗಳಿಂದ ಮಳೆಯಿಲ್ಲವೆಂದು ಖಚಿತ ಮಾಡಿಕೊಂಡೇ ಅವರು ಒಪ್ಪಿದ್ದರು.

ಬಂಡೆಯು ಸುಮಾರು ಐವತ್ತಡಿ ಎತ್ತರವಿದ್ದಿತು. ಶಿಕ್ಷಕರು ಹಿಂದಿನಿಂದ ಸುತ್ತಿಕೊಂಡು ಹೋಗಿ ತುದಿಯಲ್ಲಿ ಕಲ್ಲಿಗೆ ನಾಟಿದ್ದ ಎರಡು ಉಕ್ಕಿನ ಬಳೆಗಳಿಗೆ ಕೊಂಡಿಗಳನ್ನು ಹಾಕಿ, ಹಗ್ಗವನ್ನು ಅವುಗಳ ಮೂಲಕ ಹಾಯಿಸಿ ಎರಡು ತುದಿಗಳನ್ನೂ ಕೆಳಕ್ಕೆ ಬಿಟ್ಟರು. ಒಂದು ತುದಿಯನ್ನು ಏರುವವನ ಸೊಂಟದ ಪಟ್ಟಿಗೆ ಎಂಟರ ಆಕಾರದ ಗಂಟಿನಿಂದ ಕಟ್ಟುತ್ತಾರೆ. ಇನ್ನೊಂದು ಭಾಗವು ನೆಲದ ಮೇಲೆ ನಿಂತವನ ಸೊಂಟದಲ್ಲಿರುವ ಸಣ್ಣ ಉಪಕರಣದ ಮೂಲಕ ಹಾದು ಅವನ ಕೈಯಲ್ಲಿರುತ್ತದೆ. ಮೇಲಿನವನು ಏರಿದಷ್ಟೂ ಕೆಳಗಿನವನು ಹಗ್ಗವನ್ನು ಸೇದುತ್ತ ಬರಬೇಕು. ಮೇಲಿನವನು ಜಾರಿದರೆ ಕೆಳಗಿನವನು ಹಗ್ಗದ ಕೆಳತುದಿಯನ್ನು ಬಿಗಿಹಿಡಿದರೆ ಸಾಕು, ಉಪಕರಣವು ಹಗ್ಗವನ್ನು ಕಚ್ಚಿ ನಿಲ್ಲಿಸುತ್ತದೆ. ಯಾವ ಕಾರಣಕ್ಕೂ ಆ ಕೈಯನ್ನು ಹಗ್ಗದಿಂದ ಬಿಡಕೂಡದು. ಇದೇ ಇದರ ಮೊದಲ ಪಾಠ, ಕೊನೆಯ ಪಾಠ.

ಬೇವಿನ ನೆರಳಿನಲ್ಲಿ ಮಡಿಸುವ ಕುರ್ಚಿಯ ಮೇಲೆ ಕುಳಿತಿದ್ದ ತಾಯಿಯವರು ಎಲ್ಲವನ್ನೂ ನೋಡಿ, “ಇದರಲ್ಲೇನಿದೆ? ಬಾವಿಯ ರಾಟೆಯೇ ಅಲ್ಲವೇ?” ಎಂದರು. ಶಿಕ್ಷಕರು ಕೈಮುಗಿದು, “ಖರೇ ಹೇಳಿದ್ರಿ ಅಜ್ಜಿ. ಇನ್ನ ಮ್ಯಾಲೆ ನಾನೂ ಹಂಗ ಹೇಳಿಕೊಡ್ತೀನ್ರಿ,” ಎಂದು ನಕ್ಕರು.

ಹಗ್ಗ ಹಿಡಿಯುವವರು ಯಾರೆಂಬ ಮಾತು ಬಂದಾಗ ಮಗಳು ನನ್ನನ್ನು ನೋಡಿದಳು. ಒಂದು ಗಂಟೆ ಕಾಲ ನನಗೆ ಅಭ್ಯಾಸವಾಯಿತು. ಹೊಸಬನಾದುದರಿಂದ ನನ್ನ ಹಿಂದೆ ಹಗ್ಗದ ತುದಿಯನ್ನು ಶಿಕ್ಷಕರೂ ಹಿಡಿದು ನಿಂತರು. ಗಂಟನ್ನು ನಾನು ನೋಡಿದೆನು, ನನ್ನ ಉಪಕರಣವನ್ನು ಅವಳು ನೋಡಿದಳು. ಒಬ್ಬರದನ್ನು ಇನ್ನೊಬ್ಬರು ಪರೀಕ್ಷಿಸದೆ ನೆಲವನ್ನು ಬಿಡಬಾರದಂತೆ. ಅವಳು ಹೊರಟಳು.

ಇಪ್ಪತ್ತು ಅಡಿಯವರೆಗೆ ಸರಾಗವಾಗಿ ಹೋದಳು. ಮುಂದೆ ಬಂಡೆಯು ಹೊಟ್ಟೆಯಂತೆ ಸ್ವಲ್ಪ ಮುಂದಕ್ಕೆ ಬಂದಿದ್ದಿತು. ಅಲ್ಲಿ ನಿಂತಳು. ಎಡಗೈಯಿಂದ ತಡಕಿದಳು; ಸಿಕ್ಕಲಿಲ್ಲ. ಅವಳ ಒಂದು ಕಾಲು ನಡುಗಲಾರಂಭಿಸಿದುದನ್ನು ನಾನು ಕೆಳಗಿನಿಂದ ಕಂಡೆನು. ನನ್ನ ಬಾಯಿ ಒಣಗಿತು. ನಾನು ಹಗ್ಗವನ್ನು ಸೇದಿದೆನು, ಇನ್ನೂ ಸೇದಿದೆನು. ಅದು ವೀಣೆಯ ತಂತಿಯಂತೆ ಬಿಗಿಯಾಯಿತು.

“ಅಪ್ಪಾ, ಸಡಿಲ ಬಿಡು!” ಎಂದು ಮೇಲಿನಿಂದ ಕೂಗಿದಳು.

ಬಿಡಲಿಲ್ಲ. ಬಿಟ್ಟರೆ ಬೀಳುವಳೆಂಬ ಒಂದೇ ಯೋಚನೆ. ಹಿಂದಿನಿಂದ ಶಿಕ್ಷಕರು ಮೆಲ್ಲನೆ ಹೇಳಿದರು: “ಸಾಹೇಬ್ರ, ಆಕಿ ಒಂದ್ ಹೆಜ್ಜಿ ಕೆಳಗ ಬಂದು ಎಡಕ್ಕ ಹೋಗಬೇಕ್ರಿ. ದಾರಿ ಅಲ್ಲೈತಿ. ನೀವ್ ಹಿಂಗ ಜಗ್ಗಿ ಹಿಡದ್ರ ಆಕಿ ಹೆಂಗ ಹೋಗ್ತಾಳ್ರಿ? ನೀವ್ ಆಕಿನ್ನ ಕಾಯಾಕತ್ತಿಲ್ಲ, ಕಟ್ಟಿ ಹಾಕೀರಿ.”

ಒಂದು ಮೊಳದಷ್ಟು ಹಗ್ಗವನ್ನು ಬಿಟ್ಟೆನು. ಈಗ ಆಲೋಚಿಸಿದರೆ ಅದು ಒಂದು ಮೊಳವೇ. ಆಗ ಅದು ನನ್ನ ಮೈಯಿಂದಲೇ ಏನನ್ನೋ ಬಿಟ್ಟುಕೊಟ್ಟಂತಾಯಿತು. ಅವಳು ಒಂದು ಹೆಜ್ಜೆ ಕೆಳಗಿಳಿದು ಎಡಕ್ಕೆ ಸರಿದಳು, ಅಂಚನ್ನು ಹಿಡಿದಳು, ಕಾಲನ್ನು ಎತ್ತಿದಳು. ಮತ್ತು ಜಾರಿದಳು.

ಏನಾಯಿತೆಂದು ತಿಳಿಯುವುದರೊಳಗೆ ನನ್ನ ಸೊಂಟವನ್ನು ಯಾರೋ ಮುಂದಕ್ಕೆ ಎಳೆದಂತಾಗಿ ಎರಡು ಹೆಜ್ಜೆ ಬಂಡೆಯ ಕಡೆಗೆ ಹೋದೆನು. ಕೈಯು ಹಗ್ಗವನ್ನು ಬಿಟ್ಟಿರಲಿಲ್ಲ. ತಲೆಯೆತ್ತಿ ನೋಡಿದರೆ, ಮಗಳು ಮೂರಡಿ ಕೆಳಗೆ, ಹಗ್ಗದಲ್ಲಿ ಕುಳಿತಂತೆ ತೂಗಾಡುತ್ತ ನಗುತ್ತಿದ್ದಳು. “ಹಿಡಿದೆಯಲ್ಲಪ್ಪಾ!” ಎಂದಳು. ನನಗೆ ಮಾತು ಬರಲಿಲ್ಲ. ಅವಳು ಕೈಗಳನ್ನು ಕೊಡವಿ, ಸೊಂಟದ ಚೀಲದಿಂದ ಬಿಳಿಯ ಪುಡಿಯನ್ನು ಬೆರಳುಗಳಿಗೆ ಬಳಿದುಕೊಂಡು ಮತ್ತೆ ಅದೇ ದಾರಿಯನ್ನು ಹಿಡಿದಳು. ಈ ಸಲ ಕೇಳಿದಾಗ ಬಿಟ್ಟೆನು, ಕೇಳಿದಾಗ ಸೇದಿದೆನು. ಹತ್ತು ನಿಮಿಷಗಳ ಮೇಲೆ ಅವಳ ಕೈ ತುದಿಯ ಬಳೆಯನ್ನು ಮುಟ್ಟಿತು. ಆ ದಿನ ಮಗನೂ ಅರ್ಧದವರೆಗೆ ಏರಿ ಮಧುಗಿರಿಯ ದುಃಖವನ್ನು ಮರೆತನು. ನನ್ನಾಕೆಯು ಸೀರೆಯ ಬದಲು ಮಗಳ ಷರಾಯಿಯನ್ನು ತೊಟ್ಟು ಹದಿನೈದಡಿ ಏರಿದಳು. ನಾನು ಹತ್ತಡಿಗೆ ತೃಪ್ತನಾದೆನು.

ಆ ರಾತ್ರಿ ಡೇರೆಯ ಹೊರಗೆ ಜಮಖಾನದ ಮೇಲೆ ಮಲಗಿ ನಕ್ಷತ್ರಗಳನ್ನು ನೋಡುತ್ತ ನಾನು ಯೋಚಿಸಿದೆನು. ಬೀಳುವುದಿಲ್ಲವೆಂದು ಯಾರಾದರೂ ಭರವಸೆ ಕೊಟ್ಟರೆ ಮಗಳನ್ನು ಕಳುಹಿಸೋಣವೆಂದು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆನು. ಅಂತಹ ಭರವಸೆಯನ್ನು ಯಾವ ಬಂಡೆಯೂ ಕೊಡಲಾರದು. ಆದರೆ ನನ್ನ ಮನಸ್ಸನ್ನು ತಿರುಗಿಸಿದುದು ಬಾದಾಮಿಯಲ್ಲಿ ಅವಳು ತುದಿಯನ್ನು ಮುಟ್ಟಿದುದಲ್ಲ. ಮಧುಗಿರಿಯಲ್ಲಿ ತುದಿಯು ಕಾಣುತ್ತಿರುವಾಗಲೇ, ತಂದೆಯೂ ತಮ್ಮನೂ ಬೇಕೆನ್ನುತ್ತಿರುವಾಗಲೇ, ಅಂಗೈಯಿಂದ ಕಲ್ಲನ್ನು ಮುಟ್ಟಿ ನೋಡಿ ಹಿಂದಿರುಗಿದುದು. ಹಿಂದಿರುಗಬೇಕಾದ ಹೊತ್ತನ್ನು ಬಲ್ಲವರನ್ನು ಮುಂದಕ್ಕೆ ಕಳುಹಿಸಬಹುದು.

ಮರಳುವಾಗ ಅಮೀನಗಡದಲ್ಲಿ ಎಲ್ಲರೂ ಕರದಂಟು ಕೊಳ್ಳಲು ಇಳಿದರು. ನಾನು ಕಾರಿನ ಬಳಿಯಲ್ಲಿಯೇ ನಿಂತು ಆ ಕಾಗದವನ್ನು ಕೇಳಿದೆನು. ಅದು ನನ್ನಾಕೆಯ ಕೈಚೀಲದಲ್ಲಿಯೇ ಇದ್ದಿತು. ಬೆಂಗಳೂರಿನಿಂದ ತಂದಿದ್ದಳೆಂದು ಆಗ ಗೊತ್ತಾಯಿತು. ಕಾರಿನ ಮುಂಭಾಗದ ಮೇಲೆ ಇಟ್ಟು ರುಜು ಹಾಕಿದೆನು. ಮಗಳು ಏನೂ ಹೇಳದೆ ಕರದಂಟಿನ ಒಂದು ತುಂಡನ್ನು ನನ್ನ ಬಾಯಿಗಿಟ್ಟಳು.

ಇಂತಹ ಪ್ರಯಾಣವನ್ನು ಯೋಚಿಸುವ ಗೃಹಸ್ಥರಿಗೆ ಎರಡು ಮಾತು. ನುರಿತವರಿಲ್ಲದೆ ಹಗ್ಗವನ್ನು ಮುಟ್ಟಬೇಡಿ. ಪುಸ್ತಕದಿಂದಲೂ ಚಿತ್ರಗಳಿಂದಲೂ ಬರತಕ್ಕ ವಿದ್ಯೆ ಇದಲ್ಲ. ಡೇರೆ ಹಾಕುವ ನೆಲದ ಯಜಮಾನರ ಒಪ್ಪಿಗೆಯನ್ನು ಮೊದಲು ಪಡೆಯಿರಿ. ಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಳಿಯಬೇಡಿ. ಎಲ್ಲಕ್ಕಿಂತ ಹೆಚ್ಚಾಗಿ, ಒ‍ಯ್ದ ಕಾಗದ, ಸೀಸೆಗಳನ್ನು ಅಲ್ಲಿಯೇ ಬಿಟ್ಟು ಬರಬೇಡಿ. ಬಂಡೆಯ ಮೇಲೆ ನಮ್ಮ ಹೆಸರನ್ನು ಬರೆಯುವುದಂತೂ ಕೂಡದು, ಅದಕ್ಕೆ ಪುಲಿಕೇಶಿಯಾಗಬೇಕು.

ಮಗಳು ಡಿಸೆಂಬರಿನಲ್ಲಿ ಶಿಬಿರಕ್ಕೆ ಹೋಗಿ, ಮೊಣಕೈಯಲ್ಲಿ ಎರಡು ತರಚುಗಳೊಡನೆ ಕ್ಷೇಮವಾಗಿ ಬಂದಳು. ಆ ಹದಿನೈದು ದಿನ ನಾನು ಹೇಗಿದ್ದೆನೆಂಬುದನ್ನು ನನ್ನಾಕೆಯೇ ಬರೆಯಬೇಕು. ಜನವರಿಯಲ್ಲಿ, ಮೋಡವಿಲ್ಲದ ಒಂದು ಭಾನುವಾರ, ನಾಲ್ವರೂ ಮತ್ತೆ ಮಧುಗಿರಿಗೆ ಹೋದೆವು. ಕಲ್ಲು ಒಣಗಿದ್ದಿತು. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ, ಬೀಸುವ ಗಾಳಿ, ಸುತ್ತಲೂ ಕಣ್ಣು ಹರಿಯುವಷ್ಟು ದೂರ ಬಂಡೆಯ ಬೆಟ್ಟಗಳು. ಕಾಲು ಗಂಟೆ ಕುಳಿತು ಇಳಿದೆವು.

ತೋಟದ ಬಾಗಿಲಿನಲ್ಲಿ ತಾಯಿಯವರು ಕಾಯುತ್ತಿದ್ದರು. “ತುದಿ ಕಂಡ್ರಾ?” ಎಂದರು. ಕಂಡೆವೆಂದೆನು. “ಸರಿ, ಕೈಕಾಲು ತೊಳೆದುಕೊಂಡು ಬನ್ನಿ. ಮುದ್ದೆ ಆರುತ್ತಿದೆ,” ಎಂದರು.